ಎಣಿಕೆ ಇಳಿದರೆ ಸಾಲದು: ಸಿಗರೇಟಿಗೆ ಬದಲಾಗಿ ನಿಕೋಟಿನ್

ಸ್ನೇಹಿತರೇ,

ಸಿಗರೇಟು ಕಡಿಮೆ ಮಾಡಲು ಹೊರಟವರು ಮೊದಲು ಹಿಡಿಯುವುದು ಲೆಕ್ಕವನ್ನು. ಹೋದ ವಾರ ದಿನಕ್ಕೆ ಇಪ್ಪತ್ತು, ಈ ವಾರ ಹನ್ನೆರಡು, ಬರುವ ವಾರ ಎಂಟು. ಲೆಕ್ಕ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಸಿಗರೇಟಿನ ಹೊಗೆಯಿಂದ ಉಸಿರಿಗೆ ಸೇರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಅಳೆಯುವ ಪುಟ್ಟ ಯಂತ್ರದೊಳಕ್ಕೆ ಅವರಿಂದ ಊದಿಸಿ ನೋಡಿದರೆ ಅಲ್ಲಿನ ಅಂಕಿ ಅಷ್ಟು ವಿಧೇಯವಾಗಿ ಇಳಿದಿರುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಸೇದಿದ್ದು ಎಂಟೇ. ಆದರೆ ಆ ಎಂಟನ್ನೂ ದಮ್ಮು ಬಿಗಿದು ಎಳೆದಿದ್ದಾರೆ, ಹೊಗೆಯನ್ನು ಎದೆಯಲ್ಲಿ ಹೆಚ್ಚು ಹೊತ್ತು ತಡೆದಿದ್ದಾರೆ, ಬೆರಳು ಸುಡುವ ತನಕ ತುಂಡನ್ನು ಎಸೆದಿಲ್ಲ.

ಒಂದು ಸಿಗರೇಟಿನಿಂದ ಸಾಮಾನ್ಯವಾಗಿ ದೇಹ ಸೇರುವ ನಿಕೋಟಿನ್ ಸುಮಾರು 1 ಮಿಲಿಗ್ರಾಂ. ಬಿಗಿದು ಎಳೆದರೆ ಅದೇ ಸಿಗರೇಟು 2 ಮಿಲಿಗ್ರಾಂ ಕೊಡಬಲ್ಲದು. ಮಿದುಳು ತನಗೆ ಬರಬೇಕಾದ ಪಾಲನ್ನು ಬಿಡುವುದಿಲ್ಲ. ಸಂಖ್ಯೆಯಲ್ಲಿ ಕಳೆದುಕೊಂಡದ್ದನ್ನು ದಮ್ಮಿನಲ್ಲಿ ವಸೂಲು ಮಾಡುತ್ತದೆ. ಹಗುರವೆಂದು ಮಾರಿದ ‘ಲೈಟ್’ ಸಿಗರೇಟುಗಳ ಮೋಸ ನಡೆದದ್ದೂ ಇದೇ ದಾರಿಯಲ್ಲಿ. ಫಿಲ್ಟರಿನ ಸಣ್ಣ ತೂತುಗಳಿಂದ ಗಾಳಿ ನುಗ್ಗಿ ಸಿಗರೇಟಿನ ಹೊಗೆಯನ್ನು ಪರೀಕ್ಷಿಸುವ ಪ್ರಯೋಗಾಲಯದ ಯಂತ್ರಕ್ಕೆ ತೆಳು ಹೊಗೆ ಸಿಗುತ್ತಿತ್ತು. ಸೇದುವವನ ಬೆರಳೋ ತುಟಿಯೋ ಆ ತೂತುಗಳನ್ನೇ ಮುಚ್ಚಿಬಿಡುತ್ತಿತ್ತು.

ಜನ ಸೇದುವುದು ನಿಕೋಟಿನ್‌ಗಾಗಿ, ಸಾಯುವುದು ಟಾರಿನಿಂದ (ಹೊಗೆಯಲ್ಲಿನ ಅಂಟು ಕಲ್ಮಶದಿಂದ) ಎಂಬ ಅರ್ಥದ ಮಾತನ್ನು ಬ್ರಿಟನ್ನಿನ ಧೂಮಪಾನ ಸಂಶೋಧಕ ಮೈಕೆಲ್ ರಸೆಲ್ 1976ರಲ್ಲೇ ಬರೆದರು. ಹಾಗೆಂದು ನಿಕೋಟಿನ್ ಸಾಧುವಲ್ಲ. ಅದು ಚಟ ಹಿಡಿಸುತ್ತದೆ, ನಾಡಿಬಡಿತ ಮತ್ತು ರಕ್ತದೊತ್ತಡವನ್ನು ಏರಿಸುತ್ತದೆ. ಗರ್ಭಿಣಿಯರು ಮತ್ತು ಹೃದ್ರೋಗಿಗಳು ವೈದ್ಯರನ್ನು ಕೇಳದೆ ಯಾವ ಉತ್ಪನ್ನವನ್ನೂ ಮುಟ್ಟಬಾರದು. ಆದರೆ ಹೊಗೆಯಲ್ಲಿರುವುದು 7,000ಕ್ಕೂ ಹೆಚ್ಚು ರಾಸಾಯನಿಕಗಳು, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಅವುಗಳಲ್ಲಿ ಹೆಚ್ಚಿನವು ಎಲೆ ಸುಡುವುದರಿಂದ ಹುಟ್ಟುತ್ತವೆ. ಸುಡದೆ ನಿಕೋಟಿನ್ ಕೊಡಲು ಸಾಧ್ಯವೇ ಎಂಬ ಪ್ರಶ್ನೆಯಿಂದಲೇ ಇಂದಿನ ಬದಲಿ ಉತ್ಪನ್ನಗಳೆಲ್ಲ ಬಂದಿವೆ.

ಇವುಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ವೇಗವನ್ನು. ಹೊಗೆಯ ಮೂಲಕ ಹೋದ ನಿಕೋಟಿನ್ 10ರಿಂದ 20 ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಯಾವ ಔಷಧವೂ ಈ ಓಟಕ್ಕೆ ಸರಿಸಾಟಿಯಲ್ಲ, ಆಗಬೇಕಾಗಿಯೂ ಇಲ್ಲ. ಚಟದ ಬೇರು ಇರುವುದೇ ಆ ವೇಗದಲ್ಲಿ.

ಎಲ್ಲಕ್ಕಿಂತ ನಿಧಾನ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್. 21, 14, 7 ಮಿಲಿಗ್ರಾಂ ಎಂದು ಮೆಟ್ಟಿಲಿಳಿಯುವ ಈ ಪಟ್ಟಿ ರಕ್ತದಲ್ಲಿ ನಿಕೋಟಿನ್ ತುಂಬಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ದಿನವಿಡೀ ಸಣ್ಣ ಉರಿಯಲ್ಲಿ ಇಟ್ಟ ಹಾಗೆ. ಕಿರಿಕಿರಿ, ಸಿಡುಕು ತಗ್ಗುತ್ತವೆ. ಆದರೆ ಜಗಳವಾಡಿ ಹೊರಬಂದ ಕ್ಷಣದಲ್ಲಿ ಎದ್ದ ತಲಬಿಗೆ ಪ್ಯಾಚ್ ಬಳಿ ಉತ್ತರವಿಲ್ಲ. ರಾತ್ರಿ ಹಾಕಿಕೊಂಡು ಮಲಗಿ ವಿಚಿತ್ರ ಕನಸು ಕಂಡವರು ಮಲಗುವ ಮುನ್ನ ಅದನ್ನು ಕಿತ್ತರಾಯಿತು.

ಆ ಹಠಾತ್ ತಲಬಿಗೆ ಇರುವುದು ನಿಕೋಟಿನ್ ಗಮ್. ಇದರ ಹುಟ್ಟು ಸ್ವಾರಸ್ಯವಾದದ್ದು. 1960ರ ದಶಕದಲ್ಲಿ ಸ್ವೀಡನ್ನಿನ ಜಲಾಂತರ್ಗಾಮಿಗಳ ನಾವಿಕರು ಒಳಗೆ ಸೇದುವಂತಿಲ್ಲವೆಂದು ಬಾಯಲ್ಲಿ ತಂಬಾಕು ಇಟ್ಟುಕೊಂಡು ಕಾಲ ತಳ್ಳುತ್ತಿದ್ದರು. ಈ ಸಂಗತಿ ಔಷಧ ವಿಜ್ಞಾನಿ ಊವೆ ಫರ್ನೋ ಅವರ ಕಿವಿಗೆ ಬಿತ್ತು. ಅವರೂ ಸಿಗರೇಟು ಬಿಡಲು ಹೆಣಗುತ್ತಿದ್ದವರೇ. ಅವರು ರೂಪಿಸಿದ ಗಮ್‌ಗೆ 1978ರಲ್ಲಿ ಸ್ವಿಟ್ಜರ್ಲೆಂಡ್ ಮೊದಲು ಒಪ್ಪಿಗೆ ಕೊಟ್ಟಿತು.

‘ಗಮ್ ತಿಂದೆ, ಏನೂ ಆಗಲಿಲ್ಲ, ಬಿಕ್ಕಳಿಕೆ ಬಂತು’ ಎನ್ನುವವರೇ ಬಹಳ. ಅವರು ಅದನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿದಿರುತ್ತಾರೆ. ಹಾಗೆ ಅಗಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗಿಳಿದು ಎದೆಯುರಿ ತರುತ್ತದೆ. ಅದರ ಬಹುಪಾಲನ್ನು ಯಕೃತ್ತು ಮಿದುಳಿಗೆ ತಲುಪುವ ಮುನ್ನವೇ ಒಡೆದುಹಾಕುತ್ತದೆ. ನಿಕೋಟಿನ್ ಗಮ್‌ನಲ್ಲಿ ಅಗಿಯುವುದಕ್ಕಿಂತ ಅಡಗಿಸಿಡುವುದೇ ಮುಖ್ಯ. ನಾಲ್ಕಾರು ಬಾರಿ ನಿಧಾನವಾಗಿ ಅಗಿಯಿರಿ. ಮೆಣಸಿನ ಖಾರದಂಥ ರುಚಿಯೋ ಜುಮ್ಮೆನ್ನುವ ಅನುಭವವೋ ಬಂದ ಕೂಡಲೇ ಕೆನ್ನೆಯ ಒಳಬದಿಗೆ ಒತ್ತಿಡಿ. ಜುಮ್ಮು ಇಳಿದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಕಾಫಿ, ಹಣ್ಣಿನ ರಸದಂಥವು ಬಾಯನ್ನು ಆಮ್ಲೀಯಗೊಳಿಸಿ ನಿಕೋಟಿನ್ ಹೀರಿಕೆಗೆ ಅಡ್ಡ ಬರುವುದರಿಂದ ಗಮ್‌ಗೆ ಹದಿನೈದು ನಿಮಿಷ ಮೊದಲೇ ಅವನ್ನು ನಿಲ್ಲಿಸಬೇಕು.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ದಿನಕ್ಕೆರಡು ಗಮ್ ತಿಂದು ಔಷಧವನ್ನು ದೂರುವುದು ನ್ಯಾಯವಲ್ಲ. ಬಿಟ್ಟ ಮೊದಲ ವಾರಗಳಲ್ಲಿ ಒಂದೆರಡು ಗಂಟೆಗೊಂದು ಬೇಕಾಗುತ್ತದೆ. ಕಟ್ಟಿಸಿದ ಹಲ್ಲಿನವರಿಗೆ ಚೀಪುವ ನಿಕೋಟಿನ್ ಗುಳಿಗೆ, ಅಂದರೆ ಲೋಜೆಂಜ್, ಅನುಕೂಲ. ಮೂಗಿನ ಸ್ಪ್ರೇ ಇವೆಲ್ಲಕ್ಕಿಂತ ಚುರುಕು, ಆದರೆ ಮೊದಲ ಕೆಲವು ದಿನ ಕಣ್ಣಲ್ಲಿ ನೀರು ತರಿಸುತ್ತದೆ.

ಒಟ್ಟಾರೆ ಈ ಔಷಧಗಳು ಸಿಗರೇಟು ಬಿಡುವ ಸಾಧ್ಯತೆಯನ್ನು ಶೇಕಡಾ 50ರಿಂದ 60ರಷ್ಟು ಹೆಚ್ಚಿಸುತ್ತವೆ. ಪ್ಯಾಚ್ ಜೊತೆಗೆ ಗಮ್ ಅಥವಾ ಲೋಜೆಂಜ್ ಸೇರಿಸಿದರೆ ಒಂದನ್ನೇ ಬಳಸಿದ್ದಕ್ಕಿಂತ ಇನ್ನೂ ಕಾಲು ಭಾಗದಷ್ಟು ಲಾಭ. ಹಿಗ್ಗಬೇಡಿ; ಮನೋಬಲವೊಂದನ್ನೇ ನಂಬಿ ವರ್ಷ ದಾಟುವವರು ನೂರಕ್ಕೆ ಐದರ ಆಸುಪಾಸು. ಈ ಹೆಚ್ಚಳ ಆ ಸಣ್ಣ ಸಂಖ್ಯೆಯ ಮೇಲಿನದು.

ಇನ್ನು ಇ-ಸಿಗರೇಟು, ಅಂದರೆ ಬ್ಯಾಟರಿಯಿಂದ ನಿಕೋಟಿನ್ ದ್ರವವನ್ನು ಆವಿಯಾಗಿಸುವ ಸಾಧನ. ಚೀನಾದ ಔಷಧ ತಜ್ಞ ಹೊನ್ ಲಿಕ್ 2003ರ ಹೊತ್ತಿಗೆ ಇದನ್ನು ರೂಪಿಸಿದರು. 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ 886 ಮಂದಿ ಇದ್ದರು, ಎಲ್ಲರಿಗೂ ಆಪ್ತಸಲಹೆ ಇತ್ತು. ವರ್ಷದ ಕೊನೆಗೆ ಇ-ಸಿಗರೇಟು ಪಡೆದವರಲ್ಲಿ ಶೇಕಡಾ 18, ಪ್ಯಾಚ್-ಗಮ್‌ನಂಥವನ್ನು ಪಡೆದವರಲ್ಲಿ ಶೇಕಡಾ 9.9 ಮಂದಿ ಸಿಗರೇಟು ಬಿಟ್ಟಿದ್ದರು. ಇದನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಆದರೆ ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನು ಮಾರುವವರು ಹೇಳುವುದಿಲ್ಲ: ಹಾಗೆ ಬಿಟ್ಟವರಲ್ಲಿ ಇ-ಸಿಗರೇಟಿನ ಗುಂಪಿನ ಶೇಕಡಾ 80 ಮಂದಿಯ ಕೈಯಲ್ಲಿ ವರ್ಷದ ನಂತರವೂ ಆ ಸಾಧನವಿತ್ತು, ಇನ್ನೊಂದು ಗುಂಪಿನಲ್ಲಿ ಔಷಧ ಬಳಸುತ್ತಿದ್ದವರು ಶೇಕಡಾ 9. ಕೆಲವು ದೇಶಗಳು ಇದನ್ನು ಸಿಗರೇಟು ಬಿಡಿಸಲು ಬಳಸುತ್ತವೆ, ಕೆಲವು ನಿಷೇಧಿಸಿವೆ. ಕಾನೂನು ತಿಳಿದೇ ಮುಂದುವರಿಯಬೇಕು. ಹಗಲು ಇದು, ಸಂಜೆ ಸಿಗರೇಟು ಎಂದು ಎರಡನ್ನೂ ಇಟ್ಟುಕೊಂಡವರಿಗೆ ಲಾಭ ಅತ್ಯಲ್ಪ. ಎಂದೂ ಸೇದದವರು ಇದರ ಹತ್ತಿರ ಸುಳಿಯಲು ಕಾರಣವೇ ಇಲ್ಲ.

ತಂಬಾಕನ್ನು ಸುಡದೆ ಸುಮಾರು 350 ಡಿಗ್ರಿಗೆ ಕಾಯಿಸುವ ಸಾಧನಗಳು ವಿಷವನ್ನು ತಗ್ಗಿಸಿದರೂ ಅವು ತಂಬಾಕೇ, ಔಷಧವಲ್ಲ. ತುಟಿಯಡಿ ಇಡುವ ನಿಕೋಟಿನ್ ಪೌಚ್‌ನಲ್ಲಿ ಎಲೆಯಿಲ್ಲ, ಹೊಗೆಯಿಲ್ಲ. ಆದರೆ ಅದರ ಸಿಹಿ ಪರಿಮಳ ಕರೆಯುತ್ತಿರುವುದು ಹಳೆಯ ಧೂಮಪಾನಿಗಳನ್ನೋ, ಹದಿಹರೆಯದವರನ್ನೋ ಎಂಬ ಅನುಮಾನ ನನಗಿದೆ.

ಮತ್ತೆ ಎಣಿಕೆಗೆ ಬರೋಣ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಇಪ್ಪತ್ತು ಸೇದುವುದರಿಂದ ಹೃದಯಕ್ಕೆ ಬರುವ ಹೆಚ್ಚುವರಿ ಅಪಾಯದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಒಂದೇ ಒಂದು ಸಿಗರೇಟಿನಿಂದಲೂ ಬರುತ್ತದೆ. ಆದ್ದರಿಂದ ಕಡಿಮೆ ಮಾಡುವುದು ನಡುದಾರಿಯ ತಂಗುದಾಣವಷ್ಟೇ, ಅಲ್ಲೇ ಮನೆ ಕಟ್ಟಬಾರದು. ಬಿಡುವ ದಿನಕ್ಕೆ ಕೆಲವು ವಾರ ಮೊದಲೇ, ಇನ್ನೂ ಸೇದುತ್ತಿರುವಾಗಲೇ, ವೈದ್ಯರನ್ನು ಕೇಳಿ ಪ್ಯಾಚ್ ಶುರು ಮಾಡಬಹುದು. ಮಿದುಳಿಗೆ ಅದರ ಪಾಲು ಬೇರೆ ಕಡೆಯಿಂದ ಬರುತ್ತಿರುವುದರಿಂದ ಸಿಗರೇಟು ಸಪ್ಪೆಯಾಗುತ್ತದೆ, ಉಳಿದವನ್ನು ಬಿಗಿದು ಎಳೆಯುವ ಹಟವೂ ಸಡಿಲವಾಗುತ್ತದೆ. ನನ್ನನ್ನು ಕೇಳಿದರೆ ಮೊದಲು ಮುಂದೂಡಬೇಕಾದದ್ದು ಬೆಳಗಿನ ಸಿಗರೇಟು. ನಿಕೋಟಿನ್ ರಕ್ತದಲ್ಲಿ ಎರಡು ಗಂಟೆಗೆ ಅರ್ಧವಾಗುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಉಗ್ರಾಣ ಖಾಲಿ. ಆ ಹೊತ್ತಿಗೆ ಒಂದು ಗಮ್ ಇಟ್ಟುಕೊಂಡು ಅರ್ಧ ಗಂಟೆ, ಮರುದಿನ ಮುಕ್ಕಾಲು ಗಂಟೆ ಎಂದು ತಳ್ಳುತ್ತಾ ಹೋಗಿ.

ಕಾಫಿಪ್ರಿಯರಿಗೆ ಇನ್ನೊಂದು ವಿಷಯ. ಹೊಗೆಯಲ್ಲಿನ ಕೆಲವು ಅಂಶಗಳು ಯಕೃತ್ತನ್ನು ಕೆರಳಿಸಿ ಕೆಫೀನನ್ನು ಬೇಗ ಹೊರಹಾಕಿಸುತ್ತವೆ. ಹೊಗೆ ನಿಂತರೆ ಆ ಕೆಲಸವೂ ನಿಧಾನವಾಗಿ, ಕುಡಿಯುವ ಅಷ್ಟೇ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಮೊದಲ ವಾರ ನಿದ್ದೆ ಬಾರದೆ ಎದೆ ಬಡಿದುಕೊಂಡರೆ ಎಲ್ಲರೂ ಪ್ಯಾಚನ್ನು ಕಿತ್ತೆಸೆಯುತ್ತಾರೆ. ಮೊದಲು ಕಾಫಿಯನ್ನು ಅರ್ಧಕ್ಕೆ ಇಳಿಸಿ ನೋಡಿ.