ಮೋಟರ್ ಎತ್ತಿಸುವ ಮುಂಚೆ ಫ್ಯೂಸ್ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆ ಇರುವುದು ಕೋಲಾರದಿಂದ ಬಂಗಾರಪೇಟೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಸುತ್ತ ಟೊಮ್ಯಾಟೊ ತೋಟ. ಒಳಮನೆಯ ಮೂಲೆಯಲ್ಲಿ ಒಂದು ಹಳೆ ಕಂಪ್ಯೂಟರ್ ಹಗಲೂ ರಾತ್ರಿ ಓಡುತ್ತಿರುತ್ತದೆ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಒಳಗೆ ನಾಲ್ಕು ಹಾರ್ಡ್ ಡಿಸ್ಕ್. ಮದುವೆ ಫೋಟೊ, ಮಕ್ಕಳ ವಿಡಿಯೊ, ಜಮೀನಿನ ಪಹಣಿ, ಎಲ್ಲ ಅದರಲ್ಲೇ. ಮನೆಯವರ ಫೋನುಗಳು ವೈಫೈ ಮೂಲಕ ಅದನ್ನು ತಲುಪುತ್ತವೆ. ಇದಕ್ಕೇ ಹೋಮ್ ಸರ್ವರ್ ಅನ್ನುವುದು. ಹೆಸರು ದೊಡ್ಡದು, ಡಬ್ಬ ಹಳೆಯದು.

ಹೋದ ಬೇಸಿಗೆಯಲ್ಲಿ ಒಂದು ಸಂಜೆ ಕರೆಂಟು ಹೋಗಿ ಬಂತು. ಡಬ್ಬ ಏಳಲಿಲ್ಲ. ಬಟನ್ ಒತ್ತಿದರೆ ಫ್ಯಾನು ಎರಡು ಸೆಕೆಂಡು ತಿರುಗಿ ನಿಲ್ಲುತ್ತಿತ್ತು. ಮತ್ತೆ ಒತ್ತಿದರೂ ಅಷ್ಟೇ. ಮಾರನೇ ದಿನ ಬೆಳಿಗ್ಗೆ ಒತ್ತಿದೆ, ಏನೂ ಆಗಿಲ್ಲವೆಂಬಂತೆ ಶುರುವಾಯಿತು! ಸಂಜೆ ಮತ್ತೆ ಅದೇ ಕತೆ.

ನಾನು ಮಾಡಿದ ಮೊದಲ ತಪ್ಪು, ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ, ಅಂದರೆ ರ‍್ಯಾಮ್ ಕೆಟ್ಟಿದೆ ಎಂದುಕೊಂಡದ್ದು. ಕಿತ್ತೆ, ರಬ್ಬರಿನಿಂದ ಉಜ್ಜಿದೆ, ಮತ್ತೆ ಕೂರಿಸಿದೆ. ಆಗಲಿಲ್ಲ. ಹೊಸದು ತಂದು ಹಾಕಿದೆ. ಆಗಲಿಲ್ಲ. ಆಮೇಲೆ ಪೆನ್ ಡ್ರೈವ್ ಹಿಡಿದು ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಲು ಕೂತೆ. ಎರಡು ಸೆಕೆಂಡಿನಲ್ಲಿ ಆರಿಹೋಗುವ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ಏನು ಮಾಡೀತು ಹೇಳಿ? ಅದು ಅಲ್ಲಿವರೆಗೆ ಬರುವುದೇ ಇಲ್ಲ.

ನೆಲದ ಮೇಲೆ ಎಲ್ಲ ಹರಡಿಕೊಂಡಿದ್ದ ನನ್ನನ್ನು ನೋಡಿ ಅಪ್ಪ ಕೇಳಿದರು: "ಲೋ, ಬೋರ್ ಮೋಟರ್ ಓಡ್ಲಿಲ್ಲ ಅಂದ್ರೆ ಮೊದ್ಲು ಫ್ಯೂಸ್ ನೋಡ್ತೀವಾ, ಸಾವಿರ ಅಡಿಯಿಂದ ಮೋಟರ್ ಎತ್ತಿಸ್ತೀವಾ?"

ಅಪ್ಪನಿಗೆ ಕಂಪ್ಯೂಟರ್ ಗೊತ್ತಿಲ್ಲ. ಆದರೆ ನಾನು ನೇರವಾಗಿ ಮೋಟರ್ ಎತ್ತಿಸಲು ಹೊರಟಿದ್ದೆ, ನಿಜ.

ಸರಿ, ಗೋಡೆಯಿಂದಲೇ ಶುರು ಮಾಡಿದೆ. ಸಾಕೆಟ್ಟಿಗೆ ಒಂದು ಟೇಬಲ್ ಲ್ಯಾಂಪ್ ಹಾಕಿ ನೋಡಿದೆ, ಉರಿಯಿತು. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟೆ. ಯುಪಿಎಸ್ ಕೂಡ ಪಕ್ಕಕ್ಕಿಟ್ಟು ನೇರ ಗೋಡೆಗೇ ಸಿಕ್ಕಿಸಿದೆ. ಸಣ್ಣ ಯುಪಿಎಸ್ ಒಳಗಿನ 12 ವೋಲ್ಟಿನ ಬ್ಯಾಟರಿ ಮೂರು ವರ್ಷ ಬಾಳಿದರೆ ಜಾಸ್ತಿ. ಅದು ಸತ್ತಿದ್ದರೂ ಎಷ್ಟೋ ಸಲ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಕರೆಂಟು ಹೋದಾಗ ಮಾತ್ರ ಬಂಡವಾಳ ಬಯಲು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಆಮೇಲೆ ಮಲ್ಟಿಮೀಟರ್ ಹಿಡಿದು ಸಾಕೆಟ್ ಅಳೆದೆ. ಬೆಳಿಗ್ಗೆ 225 ವೋಲ್ಟ್ ಇತ್ತು. ಸಂಜೆ, ಊರಿನ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ, 182. ಶಿವನಸಮುದ್ರದ ಕರೆಂಟು ಕೆಜಿಎಫ್ ಚಿನ್ನದ ಗಣಿಗೆ 1902ರಲ್ಲೇ ಬಂದಿತ್ತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅಂಥ ಜಿಲ್ಲೆಯವನು ನಾನು ಸಂಜೆ ಹೊತ್ತು 182 ನೋಡುತ್ತಾ ಕೂತಿದ್ದೆ! ಇರಲಿ. ನನ್ನ ಎಸ್‌ಎಂಪಿಎಸ್ ಮೇಲೆ 200ರಿಂದ 240 ವೋಲ್ಟ್ ಎಂದು ಅಚ್ಚು ಹಾಕಿತ್ತು. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಕೊಡುವ ತಗಡಿನ ಡಬ್ಬಿ.

ಅದನ್ನು ಬೇರೆಯಾಗಿ ಪರೀಕ್ಷಿಸುವ ಒಂದು ಉಪಾಯ ಇದೆ. ಪ್ಲಗ್ ತೆಗೆದು, ಒಳಗಿನ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರ್ ಬಿಚ್ಚಿ, ಅದರಲ್ಲಿ ಹಸಿರು ತಂತಿಯ ತೂತನ್ನೂ ಯಾವುದಾದರೂ ಕಪ್ಪು ತಂತಿಯ ತೂತನ್ನೂ ಒಂದು ಸಣ್ಣ ವೈರಿನಿಂದ ಸೇರಿಸಬೇಕು. ಆಮೇಲೆ ಪ್ಲಗ್ ಹಾಕಿದರೆ ಡಬ್ಬಿಯ ಫ್ಯಾನು ತಿರುಗಬೇಕು. ನನ್ನದು ತಿರುಗಿತು. ಹಳದಿ ತಂತಿಯಲ್ಲಿ 11.9 ವೋಲ್ಟ್. 11.4ರಿಂದ 12.6ರ ಒಳಗೆ ಇದ್ದರೆ ಸರಿ ಅನ್ನುತ್ತಾರೆ. ಹಾಗಾದರೆ ಚೆನ್ನಾಗಿದೆ ಅಲ್ವಾ?

ಇಲ್ಲ. ಹೊರೆ ಇಲ್ಲದ ಎತ್ತು ಯಾವುದಾದರೂ ನಡೆಯುತ್ತದೆ.

ಬೋರ್ ಮೋಟರ್ ಶುರುವಾಗುವ ಗಳಿಗೆಯಲ್ಲಿ, ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟು ಎಳೆಯುತ್ತದೆ. ಹಾರ್ಡ್ ಡಿಸ್ಕಿನೊಳಗೂ ಒಂದು ಮೋಟರ್ ಇದೆ. ದೊಡ್ಡ ಡಿಸ್ಕು ತಿರುಗಲು ಶುರು ಮಾಡುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಕೇಳುತ್ತದೆ, ಅಂದರೆ 24 ವ್ಯಾಟ್. ನಾಲ್ಕೂ ಒಟ್ಟಿಗೆ ಎದ್ದರೆ ನೂರರ ಹತ್ತಿರ. ಹಳೆ ಎಸ್‌ಎಂಪಿಎಸ್, ಅದರೊಳಗೆ ಕರೆಂಟು ಕೂಡಿಡುವ ಸೊರಗಿದ ಕೆಪಾಸಿಟರು, ಮೇಲೆ ಸಂಜೆಯ 182 ವೋಲ್ಟ್. ಅದಕ್ಕೇ ಎರಡು ಸೆಕೆಂಡಿಗೆ ಕೈ ಚೆಲ್ಲುತ್ತಿತ್ತು. ಎರಡು ಡಿಸ್ಕಿನ ಪವರ್ ಕೇಬಲ್ ಬಿಚ್ಚಿಟ್ಟು ಅದೇ ಸಂಜೆ ಬಟನ್ ಒತ್ತಿದೆ, ಎದ್ದಿತು. ಮೂರನೆಯದು ಸೇರಿಸಿದೆ, ಎದ್ದಿತು. ನಾಲ್ಕನೆಯದು ಸೇರಿಸಿದೆ, ಬಿದ್ದಿತು. ಬೇಜಾರಿನಲ್ಲೂ ಖುಷಿಯಾಯಿತು.

ಒಂದು ಮಾತು ಜೋರಾಗಿ ಹೇಳಬೇಕು. ಎಸ್‌ಎಂಪಿಎಸ್ ಡಬ್ಬಿಯ ಸ್ಕ್ರೂ ಮಾತ್ರ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಕೆಟ್ಟರೆ ಪೂರ್ತಿ ಬದಲಿಸಿ. ನಾನು 100ರಿಂದ 240 ವೋಲ್ಟ್ ತಡೆಯುವಂಥದ್ದನ್ನೇ ಕೇಳಿ ತಂದೆ.

ಹೊಸದು ಹಾಕಿದ ಮೇಲೆ ಮುಗಿಯಿತೇ? ಎಲ್ಲಿ ಬಂತು! ಪಕ್ಕದ ಮನೆಯ ಮಾನಿಟರ್ ತಂದು ಜೋಡಿಸಿ ನೋಡಿದರೆ, ಬೂಟ್ ಮಾಡಲು ಡಿಸ್ಕ್ ಸಿಗುತ್ತಿಲ್ಲ ಅನ್ನುತ್ತಿದೆ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆ. ಇದು ಮದರ್‌ಬೋರ್ಡಿನ ಬಟನ್ ಸೆಲ್ಲಿನ ಕೆಲಸ. ಸಿಆರ್ 2032 ಅಂತ ಕೇಳಿದರೆ ಕೊಡುತ್ತಾರೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಅದಕ್ಕೇ ಆ ಅಂಕಿ. ಗಡಿಯಾರವನ್ನೂ ಯಾವ ಡಿಸ್ಕಿನಿಂದ ಶುರುವಾಗಬೇಕು ಎಂಬ ನೆನಪನ್ನೂ ಆ ಸೆಲ್ಲು ಕಾಯುತ್ತದೆ. ಪ್ಲಗ್ ಸಿಕ್ಕಿಸಿದ್ದಷ್ಟು ದಿನ ಗೋಡೆಯ ಕರೆಂಟೇ ಅದರ ಕೆಲಸ ಮಾಡುತ್ತಿರುತ್ತದೆ, ಸೆಲ್ಲು ಸತ್ತದ್ದು ತಿಳಿಯುವುದಿಲ್ಲ. ಈ ಗಲಾಟೆಯಲ್ಲಿ ನಾನು ನಾಲ್ಕು ದಿನ ಪ್ಲಗ್ ಕಿತ್ತಿಟ್ಟಿದ್ದೆ, ಆಗ ಬಯಲಾಯಿತು. ಸೆಲ್ಲು ಬದಲಿಸಿ, ತಾರೀಖು ತಿದ್ದಿ, ಡಿಸ್ಕು ತೋರಿಸಿದೆ. ಮತ್ತೆ ಮತ್ತೆ ಪಟ್ಟನೆ ಆರಿದ್ದರಿಂದ ಒಂದು ಡಿಸ್ಕಿನ ಫೈಲುಗಳ ಲೆಕ್ಕ ತಪ್ಪಿತ್ತು. ಅದನ್ನು ಸರಿಪಡಿಸುವ ಕಮ್ಯಾಂಡ್ ಎಫ್‌ಎಸ್‌ಸಿಕೆ ಓಡಿಸಿದೆ, ಇಪ್ಪತ್ತು ನಿಮಿಷ ಹಿಡಿಯಿತು.

ಕೊನೆಗೆ ಬಯೋಸಿನಲ್ಲಿ, ಅಂದರೆ ಯಂತ್ರ ಏಳುವಾಗ ಮೊದಲು ಓಡುವ ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿ, ಇನ್ನೊಂದು ಬದಲಾವಣೆ. ಕರೆಂಟು ಹೋಗಿ ಬಂದ ಮೇಲೆ ಯಂತ್ರ ಏನು ಮಾಡಬೇಕು ಅಂತ ಅಲ್ಲಿ ಕೇಳಿರುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಆರಿಯೇ ಇರು ಅಂತ ಇರುತ್ತದೆ. ಕೆಟ್ಟಿದೆ ಅಂದುಕೊಂಡ ಕೆಲವು ಸರ್ವರುಗಳು ಸುಮ್ನೆ ಬಟನ್ನಿಗೆ ಕಾಯುತ್ತಿರುತ್ತವೆ, ಅಷ್ಟೇ. ನಾನು ತಾನೇ ಏಳುವ ಹಾಗೆ ಮಾಡಿದೆ. ಅಪ್ಪನಿಗೆ ವಿವರಿಸಿದಾಗ, "ಅಂದ್ರೆ ನಮ್ಮ ಆಟೋ ಸ್ಟಾರ್ಟರ್ ಥರ" ಅಂದರು.

ಮೊನ್ನೆ ರಾತ್ರಿ ಎರಡು ಗಂಟೆಗೆ ಕರೆಂಟು ಬಂತು. ತೋಟದ ಕಡೆಯಿಂದ ಸ್ಟಾರ್ಟರ್ ಟಕ್ ಅಂದದ್ದು ಕೇಳಿಸಿತು. ಒಳಮನೆಯಲ್ಲಿ ನಾಲ್ಕೂ ಡಿಸ್ಕು ಗುಂಯ್ ಅಂದವು. ಅಪ್ಪ ಮಗ್ಗುಲು ಬದಲಿಸಿ, "ಎರಡೂ ಎದ್ವು" ಅಂದರು.

ನಮಸ್ಕಾರ.