ಕೊಲೆಗೆ ಕರುಣೆಯ ಹೆಸರು

ಕೇಳುಗರಿಗೆ ನಮಸ್ಕಾರ. ಉಗ್ರರ ಹಿಂಸೆಗೆ ಧರ್ಮವೇ ಮೂಲ ಎನ್ನುವವರಿದ್ದಾರೆ, ಧರ್ಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎನ್ನುವವರೂ ಇದ್ದಾರೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರಮಿಟ್ಟು ತಿನ್ನುತ್ತ ನಿಂತರೂ ಎರಡೂ ವಾದ ಕಿವಿಗೆ ಬೀಳುತ್ತವೆ. ಧರ್ಮದ ಮಾತು ಯಾವ ಘಳಿಗೆಯಲ್ಲಿ ಒಳಗೆ ಬಂತು ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಜಪಾನಿನ ಓಂ ಶಿನ್ರಿಕ್ಯೋ ಪಂಥ ಯೋಗ ಕಲಿಸುವ ಕೂಟವಾಗಿ ಶುರುವಾದದ್ದು. 1988ರಲ್ಲಿ ಕಠಿಣ ಸಾಧನೆಯ ನಡುವೆ ಒಬ್ಬ ಅನುಯಾಯಿ ಸತ್ತ. ಸುದ್ದಿ ಹೊರಬೀಳದಂತೆ ಹೆಣವನ್ನು ಗುಟ್ಟಾಗಿ ಸುಟ್ಟರು. ಅದನ್ನು ಬಲ್ಲ ಇನ್ನೊಬ್ಬ ಪಂಥ ಬಿಡುತ್ತೇನೆಂದಾಗ, 1989ರ ಫೆಬ್ರುವರಿಯಲ್ಲಿ ಅವನನ್ನೇ ಮುಗಿಸಿದರು. ಇಲ್ಲಿಯತನಕ ಇದ್ದದ್ದು ಸಿಕ್ಕಿಬೀಳುವ ಭಯ, ಅಷ್ಟೆ. ಆ ಭಯಕ್ಕೆ ಹೊದಿಸಲು ಒಂದು ಸಿದ್ಧಾಂತ ಬೇಕಿತ್ತು. ಟಿಬೆಟಿನ ಬೌದ್ಧರಲ್ಲಿ ‘ಫೋವಾ’ ಎಂದರೆ ಸಾಯುವವನ ಚಿತ್ತವನ್ನು ಸದ್ಗತಿಗೆ ದಾಟಿಸುವ ಸಾಧನೆ. ನಮ್ಮ ಪಕ್ಕದ ಮುಂಡಗೋಡಿನ ಲಾಮಾಗಳಿಗೆ ಪರಿಚಿತ ಪದ. ಪಂಥದ ಗುರು ಅಸಹರಾ ಅದನ್ನು ತಿರುಚಿದ. ಪಾಪಕರ್ಮ ಗಂಟು ಕಟ್ಟಿಕೊಳ್ಳುತ್ತಿರುವವನನ್ನು ಗುರುವಿನ ಅಪ್ಪಣೆಯಂತೆ ಕೊಂದರೆ ಕೊಂದವನಿಗೆ ಪುಣ್ಯ, ಸತ್ತವನಿಗೆ ಮೇಲಿನ ಲೋಕ ಎಂದ. ಕೊಲೆಗೆ ಕರುಣೆಯ ಹೆಸರು ಬಿತ್ತು.

1995ರ ಮಾರ್ಚ್ 20ರ ಬೆಳಿಗ್ಗೆ ಈ ಪಂಥದ ಐವರು ಟೋಕಿಯೊದ ಸುರಂಗ ರೈಲುಗಳಲ್ಲಿ ವಿಷದ ಚೀಲಗಳನ್ನು ಕೊಡೆಯ ತುದಿಯಿಂದ ಚುಚ್ಚಿದರು. 13 ಜನ ಸತ್ತರು. 14ನೆಯವರು 25 ವರ್ಷ ಹಾಸಿಗೆ ಹಿಡಿದು 2020ರಲ್ಲಿ ತೀರಿಕೊಂಡರು. ಚುಚ್ಚಿದವರಲ್ಲಿ ಒಬ್ಬ ಹೃದಯದ ಶಸ್ತ್ರವೈದ್ಯ. ಓದದವರಷ್ಟೇ ಮರುಳಾಗುತ್ತಾರೆ ಅನ್ನುವವರಿಗೆ ಇಷ್ಟು ಸಾಕು.

ಅದೇ ವರ್ಷ ನವೆಂಬರ್ 4ರಂದು ಇಸ್ರೇಲಿನ ಪ್ರಧಾನಿ ರಬಿನ್ ಅವರನ್ನು ಕೊಂದ ಕಾನೂನು ವಿದ್ಯಾರ್ಥಿ ಹಿಡಿದದ್ದು ಯೆಹೂದಿ ಶಾಸ್ತ್ರದ ಒಂದು ನಿಯಮವನ್ನು: ಕೊಲ್ಲಲು ಬೆನ್ನಟ್ಟಿ ಬರುವವನನ್ನು ಕೊಂದಾದರೂ ತಡೆಯಬಹುದು. ರಬಿನ್ ಅಂಥವರೇ ಎಂದು ಅವನು ಎಣಿಸಿದ. ಗಾಯಗೊಳಿಸಿ ತಡೆಯಬಹುದಾದರೆ ಕೊಲ್ಲಕೂಡದು ಎಂಬ ಕಟ್ಟೂ ಅದರ ಜೊತೆಗೇ ಇದೆ. ಅಷ್ಟು ಭಾಗ ಅವನಿಗೆ ಬೇಡವಾಗಿತ್ತು.

2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಮೇಲೆ ಹಾರಿದ ಗುಂಡು ನಿಮಗೆ ನೆನಪಾಗಿರಬಹುದು. ಯಾರು, ಏಕೆ ಅನ್ನುವುದನ್ನು ಹೇಳಬೇಕಾದದ್ದು ನ್ಯಾಯಾಲಯ, ಈ ಮೈಕಲ್ಲ.

ಇನ್ನು ಮನೆಯ ಮಾತು. ಹುಡುಗ ಗಡ್ಡ ಬಿಟ್ಟ, ನಾಮ ಎಳೆದ, ದಿನಾ ಗುಡಿಗೋ ಮಸೀದಿಗೋ ಹೊರಟ ಎಂದರೆ ಅದು ಲಕ್ಷಣವೇ ಅಲ್ಲ. ಓಣಿಯ ಹಳೆಯ ಗೆಳೆಯರನ್ನು ಬಿಟ್ಟು ಒಂದೇ ಗುಂಪು ಹಿಡಿದ, ನಿಮ್ಮ ಪೂಜೆ, ನಿಮ್ಮ ನಮಾಜು ಕೂಡ ಅಶುದ್ಧ ಎಂದ, ‘ಆ ಜನ’ವನ್ನು ಹುಳುಗಳು ಎನ್ನತೊಡಗಿದ, ಇವು ಒಟ್ಟಿಗೆ ಬಂದರೆ ಎಚ್ಚರವಿರಲಿ. ಅಪ್ಪಂದಿರು ಆಗ ಬೈದು, ಮೊಬೈಲು ಕಸಿದು, ಮನೆ ಬಿಟ್ಟು ನಡಿ ಅನ್ನುತ್ತಾರೆ. ಹೋಗಲಿಕ್ಕೆ ಅವನಿಗೆ ಆ ಗುಂಪೊಂದೇ ಉಳಿಯುತ್ತದೆ. ವಾದ ಹೂಡಿದರೂ ಸೋಲುತ್ತೀರಿ, ಉತ್ತರಗಳನ್ನು ಮೊದಲೇ ಬಾಯಿಪಾಠ ಮಾಡಿಸಿರುತ್ತಾರೆ. ಅವನು ಇನ್ನೂ ಮರ್ಯಾದೆ ಕೊಡುವ ಸೋದರಮಾವನೋ, ಸಾಲಿ ಮಾಸ್ತರರೋ ಪಕ್ಕದಲ್ಲಿ ಕೂತು, ಅವನು ಹಿಡಿದ ಸಾಲಿನ ಹಿಂದುಮುಂದಿನ ಸಾಲುಗಳನ್ನು ಅವನಿಂದಲೇ ಓದಿಸಲಿ. ಒಂದು ದಿನಕ್ಕೆ ಆಗುವ ಕೆಲಸವಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಆದರೆ ಮಾತಿನಲ್ಲಿ ಆಯುಧ, ತಾರೀಖು, ಯಾರದಾದರೂ ಹೆಸರು ಬಂತೆಂದರೆ ಮಾವನಿಗಾಗಿ ಕಾಯಬೇಡಿ. 112ಕ್ಕೆ ಫೋನ್ ಮಾಡಿ.