ಲೆಕ್ಕವನ್ನೂ ಕೇಳುತ್ತೇನೆ, ಪೂಜೆಗೂ ಹೋಗುತ್ತೇನೆ

ಭಾನುವಾರ ಬೆಳಿಗ್ಗೆ ಆರೂಕಾಲು. ಈ ವಿಡಿಯೊದಲ್ಲಿ ಈಗ ಕಾಣಿಸುತ್ತಿರುವುದು ನಮ್ಮಮ್ಮನ ಕೈ, ಜಪಸರ ಹುಡುಕುತ್ತಿದ್ದಾರೆ. ಏಳಕ್ಕೆ ಚರ್ಚಿನಲ್ಲಿ ಕನ್ನಡ ಬಲಿಪೂಜೆ. ನಾಲ್ಕು ತಿಂಗಳಾದ ಮೇಲೆ ಇವತ್ತು ನಾನೂ ಹೊರಟಿದ್ದೇನೆ.

ಯಾಕೆ ಬಿಟ್ಟಿದ್ದೆ ಅಂತ ಹೇಳಿಬಿಡುತ್ತೇನೆ. ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಊರಿನ ಚರ್ಚಿನಲ್ಲಿ, ಕಟ್ಟಡಕ್ಕೆ ಅಂತ ಮನೆಮನೆಯಿಂದ ದುಡ್ಡು ಎತ್ತಿದರು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳೂ ಸಂಬಳ ಬಂದ ದಿನವೇ ಕವರಿನಲ್ಲಿ ಹಾಕಿ ಕೊಟ್ಟರು. ಎರಡು ವರ್ಷವಾದರೂ ಯಾರೂ ಲೆಕ್ಕ ಓದಲಿಲ್ಲ. ನಮ್ಮ ಹೆಂಗಸರು ಕೇಳಿದರೆ ಗುರುಗಳಿಂದ (ನಾವು ಸ್ವಾಮಿ ಅನ್ನುವ ಪಾದ್ರಿಯಿಂದ) "ನಿಮಗೆ ವಿಶ್ವಾಸ ಕಮ್ಮಿ" ಎಂಬ ಉತ್ತರ ಬಂತು. ದುಡ್ಡಿಗಿಂತ ಆ ಮಾತೇ ನನಗೆ ಜಾಸ್ತಿ ಚುಚ್ಚಿತು. ಆ ಗುರುಗಳ ಕೈಯಿಂದ ಹೇಗೆ ಪರಮಪ್ರಸಾದ (ಕ್ರಿಸ್ತರ ಶರೀರವೆಂದು ನಾವು ನಂಬುವ ರೊಟ್ಟಿ) ತಗೊಳ್ಳಲಿ ಅಂತ ಮನೆಯಲ್ಲೇ ಕೂತುಬಿಟ್ಟೆ.

ಈ ಪ್ರಶ್ನೆ ಎಷ್ಟು ಹಳೆಯದು ಅಂತ ಆಮೇಲೆ ಗೊತ್ತಾಯಿತು. 4ನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಕ್ರೈಸ್ತರು ಇದೇ ವಿಷಯಕ್ಕೆ ಎರಡು ಪಾಲಾಗಿದ್ದರು. ರೋಮಿನ ಡಯೋಕ್ಲೆಷಿಯನ್ ಚಕ್ರವರ್ತಿಯ ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದವರು ಕೊಡುವ ಜ್ಞಾನಸ್ನಾನದಂಥ (ಬ್ಯಾಪ್ಟಿಸಂ) ಸಂಸ್ಕಾರ ನಡೆಯುವುದಿಲ್ಲ ಎಂದು ಡೊನಾಟಿಸ್ಟರು ಎಂಬ ಪಂಗಡದವರು ಬೇರೆಯಾದರು. ಅಲ್ಲಿನ ಹಿಪ್ಪೋ ಊರಿನ ಧರ್ಮಾಧ್ಯಕ್ಷ (ಬಿಷಪ್) ಸಂತ ಅಗಸ್ಟೀನರು ಅದನ್ನು ಒಪ್ಪಲಿಲ್ಲ. ಯಾರ ಕೈಯಿಂದ ಬಂದರೂ ಜ್ಞಾನಸ್ನಾನ ಕೊಡುವವರು ಕ್ರಿಸ್ತರೇ ಅಂದರು. ಇದನ್ನು ಓದಿದ ರಾತ್ರಿ ತುಂಬಾ ಅತ್ತೆ. ಒಬ್ಬರ ಮೇಲಿನ ಕೋಪಕ್ಕೆ ನಾನು ಯಾರನ್ನು ದೂರ ಮಾಡಿಕೊಂಡಿದ್ದೆ, ಅಲ್ವಾ?

ಆದರೆ ಇದನ್ನೇ ಹಿಡಿದುಕೊಂಡು "ಸ್ವಾಮಿಗಳ ತಪ್ಪು ದೇವರು ನೋಡಿಕೊಳ್ಳುತ್ತಾನೆ, ನೀವು ಸುಮ್ನಿರಿ" ಅನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಕಥೋಲಿಕ ಧರ್ಮಸಭೆಯದ್ದೇ (ಚರ್ಚಿನದ್ದೇ) ಕಾನೂನಾದ 1983ರ ಕ್ಯಾನನ್ ಕಾನೂನು ತೆರೆದು ನೋಡಿ. ಸಭೆಯ ಒಳಿತಿನ ವಿಷಯದಲ್ಲಿ ಅನಿಸಿದ್ದನ್ನು ಗುರುಗಳಿಗೆ ತಿಳಿಸುವುದು ಭಕ್ತರ ಹಕ್ಕು, ಕೆಲವು ಸಲ ಕರ್ತವ್ಯ ಕೂಡ ಅಂತ 212ನೇ ವಿಧಿ ಹೇಳುತ್ತದೆ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು, ಅದು 537. ಭಕ್ತರ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು, ಅದು 1287. ಅಂದರೆ ಲೆಕ್ಕ ಕೇಳಿದ ನಮ್ಮ ಹೆಂಗಸರು ಸಭೆಯ ಕಾನೂನಿನಂತೆಯೇ ನಡೆದುಕೊಂಡಿದ್ದರು.

ಇನ್ನೊಂದು ಮಾತು, ಇದು ದುಡ್ಡಿಗಿಂತ ದೊಡ್ಡದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಅದನ್ನು ಚರ್ಚಿನೊಳಗೇ ಮಾತಾಡಿ ಮುಗಿಸಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಚರ್ಚಿನ ಹೆಸರು ಹಾಳಾಗುತ್ತದೆ ಅಂತ ಮುಚ್ಚಿಟ್ಟರೆ ಆ ಮಗುವಿಗೆ ಯಾರು ದಿಕ್ಕು?

ಈ ವಾರ ಹದಿನೈದು ಮನೆಯವರು ಸೇರಿ ಲೆಕ್ಕ ಕೇಳಿ ಒಂದು ಕಾಗದ ಬರೆದೆವು. ಒಂದು ಪ್ರತಿ ಧರ್ಮಾಧ್ಯಕ್ಷರಿಗೂ ಕಳಿಸಿದ್ದೇವೆ. "ಸ್ವಾಮಿಗಳಿಗೇ ಎದುರು ಮಾತಾಡ್ತೀಯಾ" ಅಂತ ಮೊದಲು ನನ್ನನ್ನು ಬೈದಿದ್ದ ಅಮ್ಮ ನಿಧಾನಕ್ಕೆ, ಅಕ್ಷರ ಕೂಡಿಸಿ ಸಹಿ ಹಾಕಿದರು.

ದೇವಾಲಯದ ಒಳಗೆ ಕ್ಯಾಮೆರಾ ಆನ್ ಮಾಡಲಿಲ್ಲ. ಸಾಲಿನಲ್ಲಿ ಅಮ್ಮನ ಹಿಂದೆ ನಿಂತಿದ್ದೆ, ಕೈ ನಡುಗುತ್ತಿತ್ತು. "ಕ್ರಿಸ್ತರ ಶರೀರ" ಅಂದರು. "ಆಮೆನ್" ಅಂದೆ.

ಪೂಜೆ ಮುಗಿದ ಮೇಲೆ ಅದೇ ಗುರುಗಳ ಕೈಗೆ ಕಾಗದ ಕೊಟ್ಟೆವು. ಓದಿ ಹೇಳುತ್ತೇನೆ ಅಂದರು.

"ಮುಂದಿನ ಭಾನುವಾರ ಬರ್ತೀವಿ ಸ್ವಾಮಿ" ಅಂದರು ಅಮ್ಮ.